ಕೈಲಿ ಕಟ್ಟಿದ ವಿಮಾನಕ್ಕೆ ಯಾವ ಕಾನೂನು? ಹಾಸನದಿಂದ ನಾವು ಬರೆದ ಪತ್ರದ ಕಥೆ

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಡ್ರೋನ್‌ಗಳ ಬಗ್ಗೆ ಹೊಸ ಮಸೂದೆಯ ಕರಡನ್ನು ಹೊರಗೆ ಬಿಟ್ಟಿತು. ಅಭಿಪ್ರಾಯ ಇದ್ದವರು ಬರೆದು ಕಳಿಸಿ ಅಂತ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿತ್ತು. ಹಾಸನದಲ್ಲಿ ಮಾಡೆಲ್ ವಿಮಾನ ಹಾರಿಸುವ ನಾವು ಕೆಲವರು ಸೇರಿ ಒಂದು ಪತ್ರ ಬರೆದೆವು. ಪತ್ರವೇನೋ ಚಿಕ್ಕದು. ಅದನ್ನು ಬರೆಯೋಕೆ ಕೂತಾಗ ನಮ್ಮೊಳಗೇ ಎದ್ದ ವಾದ, ಹೊಲದಲ್ಲಿ ಮಾಡಿ ನೋಡಿದ ಪರೀಕ್ಷೆ, ಹೊಲದ ಯಜಮಾನರು ಕೇಳಿದ ಒಂದು ಪ್ರಶ್ನೆ, ಇವು ದೊಡ್ಡವು. ಈ ಹವ್ಯಾಸ ಇರುವವರಿಗೂ, ಮಕ್ಕಳಿಗೆ ಇದನ್ನು ಕಲಿಸಬೇಕು ಅಂತಿರುವ ಟೀಚರ್‌ಗಳಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಮಕ್ಕಳು ಚುನಾವಣೆ ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟ್ ಕತ್ತರಿಸಿ ವಿಮಾನ ಮಾಡುತ್ತಾರೆ. ರೆಕ್ಕೆಗೆ ಹಾಟ್ ಗ್ಲೂ, ಬಾಲಕ್ಕೆ ಸೈಕಲ್ ಕಡ್ಡಿ, 9 ಗ್ರಾಂನ ಪುಟ್ಟ ಸರ್ವೋ ಮೋಟರ್, ಮೂರು ಸೆಲ್ಲಿನ ಲಿಪೊ ಬ್ಯಾಟರಿ. ಎಲ್ಲ ಸೇರಿದರೆ ತೂಕ ಒಂದು ಕಿಲೋ ದಾಟುತ್ತದೆ. ಇದನ್ನು ಕಟ್ಟಿ ಹಾರಿಸಿದ ಹುಡುಗಿಗೆ ಬಲ, ಒತ್ತಡ, ಗುರುತ್ವ ಕೇಂದ್ರ ಅಂತ ಬೋರ್ಡಿನ ಮೇಲೆ ಮತ್ತೆ ಬರೆಯಬೇಕಾಗಿಲ್ಲ. ಹಾಗಾಗಿ ಕರಡು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಕ್ಕಳೇ.

ಈಗ ಇರುವುದು 2021ರ ಡ್ರೋನ್ ನಿಯಮಗಳು. ಆ ವರ್ಷದ ಆಗಸ್ಟ್ 25ರಂದು ಬಂದವು. ತೂಕದ ಮೇಲೆ ವರ್ಗ: 250 ಗ್ರಾಂವರೆಗೆ ನ್ಯಾನೊ, 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸ್ಮಾಲ್, ಆಮೇಲೆ ಇನ್ನೂ ದೊಡ್ಡವು. ಇದೇ ನಿಯಮದಲ್ಲಿ ಮಾಡೆಲ್ ವಿಮಾನಕ್ಕೆ ಒಂದು ಪ್ರತ್ಯೇಕ ಜಾಗ ಇದೆ. 25 ಕಿಲೋ ಮೀರಬಾರದು. ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ, ಮನರಂಜನೆ, ಇಷ್ಟಕ್ಕೆ ಮಾತ್ರ ಬಳಸಬೇಕು. ಹಾರಿಸುವವರ ಕಣ್ಣಳತೆಯಲ್ಲೇ ಇರಬೇಕು. ಹೀಗಿದ್ದರೆ ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಟೈಪ್ ಸರ್ಟಿಫಿಕೇಟ್ ಅಂದರೆ ಒಂದು ವಿನ್ಯಾಸವನ್ನು ಪರೀಕ್ಷೆಗೆ ಒಡ್ಡಿ, ಸರಿ ಇದೆ ಅಂತ ಮುದ್ರೆ ಹಾಕಿಸಿಕೊಳ್ಳುವುದು. ಒಂದೇ ಥರದ ಸಾವಿರ ಡ್ರೋನ್ ಮಾಡುವ ಕಾರ್ಖಾನೆಗೆ ಅದು ಸರಿಯಾದ ಮಾತು. ಈ ಶನಿವಾರ ಒಂದು ರೆಕ್ಕೆ, ಮುಂದಿನ ಶನಿವಾರ ಇನ್ನೊಂದು ರೆಕ್ಕೆ ಹಾಕುವ ಮಕ್ಕಳು ಅದನ್ನು ಹೇಗೆ ಮಾಡಿಸುತ್ತಾರೆ?

ಹೊಸ ಕರಡಿನಲ್ಲಿ ಟೈಪ್ ಸರ್ಟಿಫಿಕೇಟ್ ಕಡ್ಡಾಯ ಅನ್ನುವ ಮಾತು ಎದ್ದು ಕಾಣುತ್ತಿತ್ತು. ಮಾಡೆಲ್ ವಿಮಾನಕ್ಕೆ ಹಳೇ ನಿಯಮದಲ್ಲಿ ಇದ್ದಷ್ಟು ಬಿಡಿಸಿ ಬರೆದ ರಿಯಾಯಿತಿ ನಮ್ಮ ಓದಿಗೆ ಸಿಗಲಿಲ್ಲ. ನಮ್ಮ ಗಾಬರಿ ಶುರುವಾದದ್ದು ಅಲ್ಲಿಂದ.

ಪತ್ರ ಬರೆಯೋಣ ಅಂತ ನಮ್ಮ ಹಿರಿಯರೊಬ್ಬರ ಮನೆಯಲ್ಲಿ ಸೇರಿದೆವು. ಅವರು ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಎನ್‌ಸಿಸಿ ವಾಯುದಳ ವಿಭಾಗದಲ್ಲಿ ಹುಡುಗನಾಗಿದ್ದಾಗ ಕಂಟ್ರೋಲ್ ಲೈನ್ ವಿಮಾನ ಹಾರಿಸುವುದನ್ನು ಕಲಿತವರು. ಎರಡು ತಂತಿ ಹಿಡಿದು ಸುತ್ತ ತಿರುಗಿಸುವ ವಿಮಾನ ಅದು. ಈಗಲೂ ಬಾಲ್ಸಾ ಮರವನ್ನು ಬ್ಲೇಡಿನಲ್ಲಿ ಸೀಳಿ ರೆಕ್ಕೆಯ ಪಕ್ಕೆಲುಬು ಕತ್ತರಿಸುತ್ತಾರೆ. ನಾವೆಲ್ಲ ಅವರನ್ನು ಸಾರ್ ಅಂತಲೇ ಕರೆಯೋದು. ಅವರ ಎದುರಿಗೆ ಕೂತದ್ದು ಮದುವೆ ಫೋಟೋ ತೆಗೆಯುವ ಹುಡುಗ. ಡ್ರೋನ್ ಪೈಲಟ್ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಗೊಂಡವನು. ಇನ್ನೊಬ್ಬ ಆಲೂರು ಕಡೆಯ ಕಾಫಿ ತೋಟದ ಹುಡುಗ. ಕಣ್ಣಿಗೆ ಗಾಗಲ್ ಹಾಕಿಕೊಂಡು, ಮೇಲಿರುವ ಕ್ಯಾಮೆರಾ ತೋರಿಸುವುದನ್ನೇ ನೋಡುತ್ತ ಹಾರಿಸುವ ಎಫ್‌ಪಿವಿ ಅವನ ಹುಚ್ಚು.

ಸಾರ್ ಮೊದಲೇ ಹೇಳಿಬಿಟ್ಟರು. "ನಮ್ದು ವಿಮಾನ. ಅದು ಡ್ರೋನ್ ಅಲ್ಲ. ಪತ್ರದಲ್ಲಿ ಇದೊಂದೇ ಮಾತು ಬರೆಯಿರಿ ಸಾಕು."

"ಸಾರ್, ತಪ್ಪು ತಿಳ್ಕೋಬೇಡಿ" ಅಂದ ಫೋಟೋ ಹುಡುಗ. "ಸಿಗ್ನಲ್ ಹೋದ್ರೆ ನನ್ನ ಡ್ರೋನ್ ಹೊರಟ ಜಾಗಕ್ಕೆ ತಾನೇ ವಾಪಸ್ ಬರತ್ತೆ. ನಿಮ್ಮ ವಿಮಾನ ಎಲ್ಲಿಗೆ ಹೋಗತ್ತೆ?"

ಅವನ ಮಾತಲ್ಲಿ ಸುಳ್ಳಿರಲಿಲ್ಲ. ಸಾರ್ ಮಾತಲ್ಲೂ ಇರಲಿಲ್ಲ. ಮೋಟರ್ ನಿಂತರೆ ಟ್ರೈನರ್ ವಿಮಾನ ರೆಕ್ಕೆ ಮೇಲೆ ತೇಲಿಕೊಂಡು ಇಳಿಯುತ್ತದೆ. ನಾಲ್ಕು ಪ್ರೊಪೆಲರ್ ಇರುವ ಡ್ರೋನಿಗೆ ಕರೆಂಟ್ ಹೋದರೆ ಅದು ಇದ್ದಲ್ಲಿಂದ ಕೆಳಗೆ ಬೀಳುತ್ತದೆ, ಅಷ್ಟೇ. ಇತ್ತ ನಮ್ಮ ವಿಮಾನಕ್ಕೆ ಜಾಗ ಜಾಸ್ತಿ ಬೇಕು, ನಿಲ್ಲಿಸಿ ಯೋಚಿಸುವ ಹಾಗಿಲ್ಲ, ಜಿಪಿಎಸ್ ಇಲ್ಲ. ಎರಡರ ಅಪಾಯವೂ ಬೇರೆ ಬೇರೆ. ಆದರೆ ತಲೆ ಮೇಲೆ ಬಿದ್ದವರಿಗೆ ಯಾವುದು ಬಿತ್ತು ಅನ್ನೋದು ಮುಖ್ಯ ಆಗಲ್ಲ.

ಸಾರ್‌ಗೆ ಇನ್ನೊಂದು ಸಿಟ್ಟು ಇತ್ತು. ಕಾನೂನುಗಳು ಹೆದರಿಕೆಯಲ್ಲಿ ಹುಟ್ಟುತ್ತವೆ ಅಂತ. 2014ರ ಅಕ್ಟೋಬರ್‌ನಲ್ಲಿ ವಿಮಾನಯಾನ ನಿಯಮ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ಒಂದು ಪ್ರಕಟಣೆ ಹೊರಡಿಸಿ ಸಾಮಾನ್ಯ ಜನ ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿಬಿಟ್ಟಿತ್ತು. ಬಾಗಿಲು ಮತ್ತೆ ತೆರೆದದ್ದು 2018ರ ಡಿಸೆಂಬರ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಹತ್ತಿರ ಡ್ರೋನ್ ಕಂಡಿತು ಅನ್ನುವ ಸುದ್ದಿಗೆ ಸುಮಾರು 1,000 ವಿಮಾನ ರದ್ದಾದವು ಇಲ್ಲವೇ ಬೇರೆ ಕಡೆಗೆ ತಿರುಗಿದವು. 1,40,000 ಪ್ರಯಾಣಿಕರು ಪರದಾಡಿದರು. ಡ್ರೋನ್ ಸಿಗಲಿಲ್ಲ, ಹಾರಿಸಿದವರೂ ಸಿಗಲಿಲ್ಲ. "ನೋಡಿ, ಸಿಗದ ಡ್ರೋನಿಗೆ ಎಲ್ಲರ ಮೇಲೂ ಕಾನೂನು" ಅಂತ ಸಾರ್. ನನಗೆ ಅದೇ ಘಟನೆಯಲ್ಲಿ ಬೇರೆ ಪಾಠ ಕಂಡಿತು. ಯಾರು ಎಲ್ಲಿ ಹಾರಿಸುತ್ತಿದ್ದಾರೆ ಅಂತ ಗೊತ್ತಾಗುವ ದಾರಿ ಇದ್ದಿದ್ದರೆ ಅಷ್ಟು ಗಾಬರಿಯೇ ಆಗುತ್ತಿರಲಿಲ್ಲ. ಆ ದಿನ ಮಾತು ಅಲ್ಲಿಗೇ ನಿಂತಿತು. ಪತ್ರ ಒಂದು ಸಾಲೂ ಮುಂದೆ ಹೋಗಲಿಲ್ಲ.

ಮುಂದೆ ಹೋದದ್ದು ಹೊಲದಲ್ಲಿ.

ನಾವು ಹಾರಿಸುವುದು ದುದ್ದ ಕಡೆಯ ಒಬ್ಬ ಗೌಡರ ಹೊಲದಲ್ಲಿ. ಆಲೂಗೆಡ್ಡೆ ಕಿತ್ತ ಮೇಲೆ ಜಾಗ ಸ್ವಲ್ಪ ದಿನ ಖಾಲಿ ಇರುತ್ತದೆ. ಗೌಡರು ಒಳ್ಳೆಯವರು, ಬಾಡಿಗೆ ಅಂತ ಕೇಳಿದವರಲ್ಲ. ಆವತ್ತು ನಾವು ಮಸೂದೆ ಬಗ್ಗೆ ಮಾತಾಡೋದನ್ನು ಬದುವಿನ ಮೇಲೆ ಕೂತು ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಎಲ್ಲಾ ಸರಿ ಕಣ್ ಟೀಚರಮ್ಮ. ನಿಮ್ ಇಮಾನ ನನ್ ಹಸಿನ ಮೇಲೆ ಬಿದ್ರೆ ದುಡ್ಡು ಕೊಡೋರು ಯಾರು?"

ಯಾರೂ ಉತ್ತರ ಕೊಡಲಿಲ್ಲ. ವಿಮೆಯ ಮಾತು 2021ರ ನಿಯಮದಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯಲ್ಲಿ ಬೈಕು ಕಾರುಗಳಿಗೆ ಇರುವ ಥರದ ಮೂರನೇ ವ್ಯಕ್ತಿ ವಿಮೆಯನ್ನು ಡ್ರೋನ್‌ಗಳಿಗೂ ಅನ್ವಯಿಸಿದ್ದಾರೆ. ನ್ಯಾನೊಗೆ ಮಾತ್ರ ಬೇಡ. ಕಾಗದದ ಮೇಲೆ ಇದೆಲ್ಲ ನಮಗೆ ಗೊತ್ತಿತ್ತು. ಹಸು ಕಟ್ಟಿದ ಮನುಷ್ಯ ಎದುರಿಗೆ ನಿಂತು ಕೇಳಿದಾಗ ಅದರ ತೂಕವೇ ಬೇರೆ. ರಿಯಾಯಿತಿ ಕೇಳುವವರು ಬದಲಿಗೆ ತಾವೇನು ಕೊಡುತ್ತೇವೆ ಅನ್ನೋದನ್ನೂ ಹೇಳಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಮೊದಲು ಲೆಕ್ಕ ಹಾಕಿದೆವು. ಮಕ್ಕಳ ಕೈಲೇ ಹಾಕಿಸಿದೆ. 1.2 ಕಿಲೋ ವಿಮಾನ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಬಂದು ಬಡಿದರೆ ಅದರ ಚಲನ ಶಕ್ತಿ 135 ಜೌಲ್. 160 ಗ್ರಾಂನ ಕ್ರಿಕೆಟ್ ಚೆಂಡನ್ನು ವೇಗದ ಬೌಲರ್ ಗಂಟೆಗೆ 144 ಕಿ.ಮೀ.ಯಲ್ಲಿ ಎಸೆದರೆ 128 ಜೌಲ್. ಹೆಲ್ಮೆಟ್ ಇಲ್ಲದ ತಲೆಗೆ ಆ ಚೆಂಡು ಬಿದ್ದ ಹಾಗೆ. 250 ಗ್ರಾಂನ ವಿಮಾನಕ್ಕೆ ಇದೇ ವೇಗದಲ್ಲಿ ಬರುವುದು 28 ಜೌಲ್. ತೂಕದ ಗೆರೆಯನ್ನು ಸರ್ಕಾರ ಸುಮ್ನೆ ಎಳೆದಿಲ್ಲ ಅಂತ ಮಕ್ಕಳಿಗೆ ತಾವೇ ಗೊತ್ತಾಯಿತು. ಒಬ್ಬ ಹುಡುಗ ಕೇಳಿದ, "ಮಿಸ್, ವೇಗ ಎರಡರಷ್ಟು ಆದ್ರೆ ಶಕ್ತಿ ನಾಲ್ಕರಷ್ಟು ಅಲ್ವಾ? ಹಾಗಾದ್ರೆ ತೂಕ ಮಾತ್ರ ಯಾಕೆ ನೋಡ್ತಾರೆ?" ಆ ಪ್ರಶ್ನೆ ಹಾಗೇ ಪತ್ರಕ್ಕೆ ಹೋಯಿತು.

10 ಇಂಚಿನ ಪ್ರೊಪೆಲರ್ ನಿಮಿಷಕ್ಕೆ 9,000 ಸುತ್ತು ಸುತ್ತಿದರೆ ಅದರ ತುದಿಯ ವೇಗ ಗಂಟೆಗೆ 430 ಕಿ.ಮೀ. ಇದನ್ನೂ ಲೆಕ್ಕ ಮಾಡಿದರು. ಅವತ್ತಿನಿಂದ ಬ್ಯಾಟರಿ ಸಿಕ್ಕಿಸುವಾಗ ಪ್ರೊಪೆಲರ್ ಎದುರಿಗೆ ಕೈ ತರುವವರು ಯಾರೂ ಇಲ್ಲ.

ಆಮೇಲೆ ಫೇಲ್‌ಸೇಫ್ ಪರೀಕ್ಷೆ. ಫೋಟೋ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕಿತ್ತಲ್ಲ, ಇದನ್ನು ಮಾತ್ರ ನಿಧಾನಕ್ಕೆ ಮಾಡಿದೆವು. ರಿಮೋಟಿನ ಸಿಗ್ನಲ್ ಹೋದಾಗ ರಿಸೀವರ್ ಏನು ಮಾಡಬೇಕು ಅಂತ ನಾವೇ ಮೊದಲೇ ಹೇಳಿಟ್ಟಿರಬೇಕು. ಹೇಳಿಲ್ಲ ಅಂದರೆ ಕೆಲವು ರಿಸೀವರ್‌ಗಳು ಕೊನೆಗೆ ಬಂದ ಸಿಗ್ನಲ್ಲನ್ನೇ ಹಿಡಿದುಕೊಂಡು ಕೂರುತ್ತವೆ. ಪ್ರೊಪೆಲರ್ ಬಿಚ್ಚಿದೆವು. ಒಬ್ಬರು ವಿಮಾನದ ಬಾಲ ಹಿಡಿದುಕೊಂಡರು. ಥ್ರಾಟಲ್ ಅರ್ಧಕ್ಕೆ ಏರಿಸಿ, ಮೋಟರ್ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡಿದೆವು. ಸಾಲಾಗಿ ಇಟ್ಟಿದ್ದ ವಿಮಾನಗಳಲ್ಲಿ ಹೆಚ್ಚಿನವು ತಕ್ಷಣ ಸುಮ್ಮನಾದವು. ಹೊಸದಾಗಿ ಕಟ್ಟಿದ ಒಂದರ ಮೋಟರ್ ಮಾತ್ರ ಅದೇ ಶಬ್ದದಲ್ಲಿ ಸುತ್ತುತ್ತಲೇ ಇತ್ತು. ರಿಮೋಟ್ ಆಫ್ ಆಗಿದೆ, ಯಾರ ಮಾತೂ ಕೇಳುವವರಿಲ್ಲ, ಮೋಟರ್ ಓಡುತ್ತಿದೆ. ಆಕಾಶದಲ್ಲಿ ಹೀಗಾದರೆ ಬ್ಯಾಟರಿ ಖಾಲಿ ಆಗೋವರೆಗೆ ಅದು ಹೋದ ದಾರಿಯೇ ದಾರಿ. ಮಕ್ಕಳು ಮುಖ ಮುಖ ನೋಡಿಕೊಂಡರು. ಬ್ಯಾಟರಿ ಕಿತ್ತು, ರಿಮೋಟಿನ ಮೆನುವಿನಲ್ಲಿ ಥ್ರಾಟಲ್ ಕೆಳಗಿಟ್ಟು ಫೇಲ್‌ಸೇಫ್ ಉಳಿಸಿ, ಮತ್ತೆ ಮಾಡಿದೆವು. ಈ ಸಲ ರಿಮೋಟ್ ಆಫ್ ಆದ ಕೂಡಲೇ ಮೋಟರ್ ನಿಂತಿತು, ಬಾಲದ ಪಟ್ಟಿ ತುಸು ಪಕ್ಕಕ್ಕೆ ತಿರುಗಿತು. ಹಾಗೆ ತಿರುಗಿದ್ದರೆ ವಿಮಾನ ದೂರ ಹೋಗದೆ ನಮ್ಮ ಹೊಲದ ಮೇಲೇ ಸುತ್ತು ಹಾಕುತ್ತ ಇಳಿಯುತ್ತದೆ.

ಇದಕ್ಕೆ ಹಿಡಿಯುವ ಸಮಯ ಒಂದು ನಿಮಿಷ. ಖರ್ಚು ಇಲ್ಲ. ಯಾವ ಕಚೇರಿಗೂ ಹೋಗಬೇಕಾಗಿಲ್ಲ. ಕಾನೂನಿನಲ್ಲಿ ಕಡ್ಡಾಯ ಅಂತ ಒಂದೇ ಒಂದು ಮಾತು ಬರೆಯಲು ನನಗೆ ಅವಕಾಶ ಕೊಟ್ಟರೆ ನಾನು ಇದನ್ನೇ ಬರೆಯುತ್ತೇನೆ.

ಸಾರ್ ಆಗ ತಮ್ಮ ಕಾಲದ ಕಥೆ ಹೇಳಿದರು. ನನಗೆ ಇದು ಬಹಳ ಹಿಡಿಸಿತು. ಈಗಿನ 2.4 ಗಿಗಾಹರ್ಟ್ಸ್ ರಿಮೋಟ್‌ಗಳು ಒಂದರ ಜೊತೆ ಒಂದು ಗುದ್ದಾಡುವುದಿಲ್ಲ. ಹಳೇ ಎಫ್‌ಎಂ ರಿಮೋಟ್‌ಗಳಲ್ಲಿ ಒಂದೊಂದಕ್ಕೂ ಒಂದು ಕ್ರಿಸ್ಟಲ್. ಇಬ್ಬರ ಹತ್ತಿರ ಒಂದೇ ಚಾನೆಲ್ಲಿನ ಕ್ರಿಸ್ಟಲ್ ಇದ್ದು, ಒಬ್ಬ ಹಾರಿಸುವಾಗ ಇನ್ನೊಬ್ಬ ಆನ್ ಮಾಡಿದರೆ ಮೇಲಿದ್ದ ವಿಮಾನ ಬಿತ್ತು ಅಂತಲೇ ಲೆಕ್ಕ. ಅದಕ್ಕೆ ಮೈದಾನದಲ್ಲಿ ಒಂದು ಹಲಗೆ ಇಡುತ್ತಿದ್ದರು. ಚಾನೆಲ್ಲಿಗೆ ಒಂದು ಕ್ಲಿಪ್. ಆ ಕ್ಲಿಪ್ ತನ್ನ ಆಂಟೆನಾಗೆ ಸಿಕ್ಕಿಸಿಕೊಂಡವನೇ ಆನ್ ಮಾಡಬೇಕು. ಕ್ಲಿಪ್ ಹಲಗೆಯಲ್ಲಿ ಇಲ್ಲ ಅಂದರೆ ಕಾಯಬೇಕು. ಸರ್ಕಾರ ಹೇಳಿದ್ದಲ್ಲ, ಪೊಲೀಸರು ನೋಡುತ್ತಿರಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು.

"ಸಾರ್, ಇದನ್ನೇ ಬರೆಯೋಣ" ಅಂದೆ. "ನಮ್ಮವರು ನಿಯಮ ಬೇಡ ಅಂದವರಲ್ಲ, ಮೊದಲಿಂದ ಮಾಡಿಕೊಂಡು ಬಂದವರು ಅಂತ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರಿಯಮ್ಮ" ಅಂದರು.

ಪತ್ರ ಅಲ್ಲಿಂದ ಓಡಿತು. ಮಾಡೆಲ್ ವಿಮಾನದ ಅರ್ಥವಿವರಣೆಯನ್ನೂ, ಟೈಪ್ ಸರ್ಟಿಫಿಕೇಟ್ ರಿಯಾಯಿತಿಯನ್ನೂ 2021ರಲ್ಲಿ ಇದ್ದ ಹಾಗೆ ಹೊಸ ಕಾನೂನಿನಲ್ಲೂ ಉಳಿಸಿ ಅಂತ ಕೇಳಿದೆವು. ಬದಲಿಗೆ ಫೇಲ್‌ಸೇಫ್ ಕಡ್ಡಾಯ ಮಾಡಿ, ಹಾರಿಸುವವರ ಹೆಸರು ಮತ್ತು ಫೋನ್ ನಂಬರ್ ವಿಮಾನದ ಮೇಲೆ ಬರೆಯಿಸಿ ಅಂದೆವು. ಜನರ ತಲೆ ಮೇಲೆ ಯಾವ ಕಾರಣಕ್ಕೂ ಬೇಡ ಅಂತ ಬರೆಯುವಾಗ ಫೋಟೋ ಹುಡುಗನೇ ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿದ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳು ಹತ್ತಿರ ಬರುತ್ತಿದ್ದವು. ಆ ಸಾಲಿನಲ್ಲಿ ನಿಲ್ಲುವ ಜನರ ಮೇಲೆ ಒಂದು ಡ್ರೋನ್ ಬಿದ್ದರೆ, ಗಾಯಕ್ಕಿಂತ ಗಾಬರಿಯ ನೂಕುನುಗ್ಗಲೇ ಜಾಸ್ತಿ ಅಪಾಯ ಅನ್ನೋದು ಅವನ ಮಾತು.

ಜಾಗದ ವಿಷಯದಲ್ಲಿ ಅಮೆರಿಕದ ಒಂದು ಏರ್ಪಾಡು ನಮಗೆ ದಾರಿ ತೋರಿಸಿತು. ಅಲ್ಲಿ 2024ರ ಮಾರ್ಚ್‌ನಿಂದ ಹೆಚ್ಚಿನ ಡ್ರೋನ್‌ಗಳು ಹಾರುವಾಗಲೇ ತಮ್ಮ ಗುರುತನ್ನು ರೇಡಿಯೊದಲ್ಲಿ ಹೇಳುತ್ತಿರಬೇಕು. ರಿಮೋಟ್ ಐಡಿ ಅಂತ ಅದರ ಹೆಸರು. ಆದರೆ ಹವ್ಯಾಸಿಗಳ ಕ್ಲಬ್ಬು, ಶಾಲೆ ಕಾಲೇಜುಗಳು ಅರ್ಜಿ ಹಾಕಿ ಒಂದು ಮೈದಾನವನ್ನು ಗುರುತು ಮಾಡಿಸಿಕೊಳ್ಳಬಹುದು. ಆ ಎಲ್ಲೆಯೊಳಗೆ ಆ ಉಪಕರಣ ಇಲ್ಲದ ಮಾಡೆಲ್ ವಿಮಾನವನ್ನೂ ಹಾರಿಸಬಹುದು. ನಮ್ಮಲ್ಲೂ ತಾಲ್ಲೂಕಿಗೆ ಒಂದು ಇಂಥ ಜಾಗ ಇರಲಿ ಅಂತ ಕೇಳಿದೆವು. ಪಂಚಾಯಿತಿಗೆ ಗೊತ್ತಿರಲಿ, ಠಾಣೆಗೆ ಗೊತ್ತಿರಲಿ, ಯಾರು ಬಂದರು ಯಾರು ಹಾರಿಸಿದರು ಅನ್ನೋ ಪುಸ್ತಕ ಇರಲಿ.

ಹಾಸನದವರಿಗೆ ಈ ಜಾಗದ ಪ್ರಶ್ನೆ ಬೇರೆಯವರಿಗಿಂತ ಬಿಗಿ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮೂರಲ್ಲಿದೆ. ಅದರ ಹತ್ತಿರ ಹಾರಿಸುವ ಮಾತೇ ಎತ್ತಬಾರದು. ಬೇಲೂರು ಹಳೇಬೀಡು ದೇವಸ್ಥಾನಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ, ಅಲ್ಲಿ ಅನುಮತಿ ಇಲ್ಲದೆ ಡ್ರೋನ್ ಎತ್ತುವಂತಿಲ್ಲ. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕೆಲಸ ನಡೆದಿದೆ. ಅದು ಶುರುವಾದ ದಿನ, ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ನಕ್ಷೆಯೇ ಬದಲಾಗುತ್ತದೆ. ಸಾಮಾನ್ಯವಾಗಿ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ನಡೆಯುತ್ತಿರುವ ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿಗೆ ಇಳಿಯುತ್ತದೆ. ಅದಕ್ಕಿಂತ ಹತ್ತಿರ ಅಂದರೆ ಅನುಮತಿ ಬೇಕೇ ಬೇಕು. ಹಾಸನದ ಸುತ್ತ ಹಾರಿಸುವವರು ಇದನ್ನು ಈಗಿನಿಂದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ಹೊರಡುವ ಮುಂಚೆ ನಕ್ಷೆ ನೋಡಿ.

ಆಲೂರಿನ ಹುಡುಗನ ಮಾತು ಕೊನೆಗೆ ಬಂತು. ಆಲೂರು, ಸಕಲೇಶಪುರ, ಬೇಲೂರು ಕಡೆ ತೋಟಗಳಲ್ಲಿ ಕಾಡಾನೆ ಇರುತ್ತವೆ. ಗುಂಪು ಎಲ್ಲಿದೆ ಅಂತ ನೋಡಲು ಅರಣ್ಯ ಇಲಾಖೆಯವರೇ ಥರ್ಮಲ್ ಕ್ಯಾಮೆರಾ ಇರುವ ಡ್ರೋನ್ ಬಳಸುತ್ತಾರೆ. "ಅಕ್ಕ, ಆನೆ ಬಂದಿದೆ ಅಂತ ಗೊತ್ತಾದ್ರೆ ನಮ್ಮ ಹುಡುಗ್ರು ವಿಡಿಯೊ ಮಾಡೋಕೆ ಡ್ರೋನ್ ಎತ್ತಿಬಿಡ್ತಾರೆ. ಆನೆ ಗಾಬರಿಯಾಗಿ ಓಡಿದ್ರೆ ಲೈನ್ ಮನೆ ಕಡೆಗೇ ಬರೋದು" ಅಂದ. ತೋಟದ ಕೂಲಿಯವರು ಇರುವುದು ಆ ಲೈನ್ ಮನೆಗಳಲ್ಲೇ. ಚಿಕ್ಕಮಗಳೂರಿನ ಭದ್ರಾ ಕಾಡಿನ ಅಂಚಿನಲ್ಲೂ ಇದೇ ಮಾತು ಸಲ್ಲುತ್ತದೆ. ಆನೆ ಇರುವ ಊರಿನಲ್ಲಿ ಇಲಾಖೆ ಬಿಟ್ಟು ಬೇರೆ ಯಾರೂ ಹಾರಿಸಬಾರದು ಅಂತ ಬರೆದೆವು. ಎಫ್‌ಪಿವಿ ಹುಚ್ಚಿನ ಹುಡುಗನೇ ಬರೆಸಿದ್ದು ಇದು. ಗಾಗಲ್ ಹಾಕಿಕೊಂಡಾಗ ಪಕ್ಕದಲ್ಲಿ ಬರಿಗಣ್ಣಿನಲ್ಲಿ ವಿಮಾನ ನೋಡುವ ಇನ್ನೊಬ್ಬರು ಇರಲೇಬೇಕು ಅನ್ನುವ ಸಾಲನ್ನೂ ಅವನೇ ಸೇರಿಸಿದ.

ಒಂದು ವಿಷಯದಲ್ಲಿ ಒಮ್ಮತ ಬರಲಿಲ್ಲ. ಪೊಲೀಸರಿಗೆ ವಿಮಾನ ವಶಪಡಿಸಿಕೊಳ್ಳುವ ಅಧಿಕಾರ ಮತ್ತು ಜೈಲು ಶಿಕ್ಷೆ ಕರಡಿನಲ್ಲಿ ಇತ್ತು. ಸಾರ್ ಪೂರಾ ತೆಗೆಯಿರಿ ಅಂದರು. 2021ರ ನಿಯಮದಲ್ಲಿ ದಂಡ ಒಂದು ಲಕ್ಷ ರೂಪಾಯಿ ಮೀರುವಂತಿಲ್ಲ, ಅಷ್ಟು ಸಾಕು ಅಂತ ಅವರ ವಾದ. ನಾನು ಒಪ್ಪಲಿಲ್ಲ. ವಿಮಾನ ನಿಲ್ದಾಣದ ಹತ್ತಿರ, ಜನಸಂದಣಿ ಮೇಲೆ ಗೊತ್ತಿದ್ದೂ ಹಾರಿಸುವವನಿಗೆ ಶಿಕ್ಷೆ ಬಿಗಿಯಾಗಿಯೇ ಇರಲಿ. ಆದರೆ ಹೊಲದಲ್ಲಿ ಸನ್‌ಪ್ಯಾಕ್ ವಿಮಾನ ಹಿಡಿದ ಹುಡುಗನನ್ನೂ ಅವನನ್ನೂ ಒಂದೇ ಕಲಮಿನಲ್ಲಿ ಸೇರಿಸಬೇಡಿ. ಬಹಳ ಹೊತ್ತು ಮಾತಾಡಿದರೂ ಸಾರ್ ತಮ್ಮ ಮಾತು ಬಿಡಲಿಲ್ಲ. ಕೊನೆಗೆ ಎರಡೂ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಬರೆದು, ಯಾರು ಯಾವುದಕ್ಕೆ ಒಪ್ಪಿದ್ದೇವೆ ಅಂತ ಸಹಿ ಹಾಕಿದೆವು. ಹಾಗೆ ಕಳಿಸಿದ್ದೇ ಒಳ್ಳೆಯದಾಯಿತು ಅಂತ ಈಗಲೂ ನನ್ನ ಅಭಿಪ್ರಾಯ. ಎಲ್ಲರೂ ಒಂದೇ ಮಾತು ಹೇಳಿದಂತೆ ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಪತ್ರ ಇಮೇಲಿನಲ್ಲಿ ಹೋಯಿತು. ಅದರ ಒಂದು ಪ್ರತಿಯನ್ನು ಗೌಡರಿಗೂ ಓದಿ ಹೇಳಿದೆ. ವಿಮೆಯ ಭಾಗ ಬಂದಾಗ ಮತ್ತೊಮ್ಮೆ ಓದಿ ಅಂದರು. ಶಾಲೆಯ ಮಕ್ಕಳ ಗುಂಪಿಗೆ, ಒಂದು ಮೈದಾನಕ್ಕೆ ಸೇರಿ ಒಂದೇ ವಿಮೆ ಸಿಗುವ ಹಾಗೆ ಮಾಡಿ ಅಂತ ನಾವು ಕೇಳಿದ್ದೆವು. ಒಬ್ಬೊಬ್ಬ ಹುಡುಗನೂ ಬೇರೆ ಬೇರೆ ಪಾಲಿಸಿ ಮಾಡಿಸು ಅಂದರೆ ಯಾರ ಅಪ್ಪ ಅಮ್ಮ ಮಾಡಿಸುತ್ತಾರೆ?

ಅಲ್ಲಿಯವರೆಗೆ ಗೌಡರ ಜೊತೆ ನಮ್ಮದೇ ಒಪ್ಪಂದ ಇದೆ. ಹಸು ಹೊಲದಲ್ಲಿ ಇದ್ದಾಗ ವಿಮಾನ ಎತ್ತುವುದಿಲ್ಲ. ರಸ್ತೆ ಕಡೆಗೆ ತಿರುಗಿಸುವುದಿಲ್ಲ. ಏನಾದರೂ ಹಾಳಾದರೆ ಗುಂಪಿನ ದುಡ್ಡಿನಿಂದ ಕೊಡುತ್ತೇವೆ, ಅದಕ್ಕೆ ಅಂತ ಎಲ್ಲರೂ ಒಂದಿಷ್ಟು ಹಾಕಿ ಇಟ್ಟಿದ್ದೇವೆ. ಹಾರಿಸುವ ಮುಂಚೆ ಪ್ರತಿ ವಿಮಾನದ ಫೇಲ್‌ಸೇಫ್ ಪರೀಕ್ಷೆ ಆಗಬೇಕು, ಮಾಡಿದವರು ಪುಸ್ತಕದಲ್ಲಿ ಸಹಿ ಹಾಕಬೇಕು. ಪುಸ್ತಕ ಈಗ ಒಂಬತ್ತನೇ ಕ್ಲಾಸಿನ ಹುಡುಗಿಯ ಕೈಲಿದೆ. ಸಹಿ ಇಲ್ಲದಿದ್ದರೆ ಅವಳು ಸಾರ್ ಅವರನ್ನೂ ಬಿಡುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಇಂಥ ಗುಂಪು ಕಟ್ಟಬೇಕು ಅಂತ ಇರುವವರು ಮೊದಲು ಜಾಗದ ಯಜಮಾನರ ಹತ್ತಿರ ಕೂತು ಮಾತಾಡಿ, ಅವರು ಏನು ಕೇಳುತ್ತಾರೋ ಅದನ್ನು ಬರೆದುಕೊಳ್ಳಿ. ವಿಮಾನ ಆಮೇಲೆ ಕಟ್ಟಿದರಾಯಿತು.